ತಿರುಗದೆ ಸವೆಯುವ ಬೇರಿಂಗ್: ಹಳೆ ಬುಲೆಟ್‌ನ ಕೋನ್‌ಸೆಟ್ ಕಲಿಸುವ ವಿಜ್ಞಾನ

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಹಳೆ ಬುಲೆಟ್ ಬೈಕಿನ ಮುಂದಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಚಕ್ರದ ಬೇರಿಂಗ್ 490ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅದೇ ಬೈಕಿನ ಹ್ಯಾಂಡಲ್ ತಿರುಗಲಿಕ್ಕೂ ಬೇರಿಂಗ್ ಉಂಟು. ಅದು ವರ್ಷವಿಡೀ ಓಡಿದರೂ ಒಂದು ಪೂರ್ತಿ ಸುತ್ತು ತಿರುಗುವುದಿಲ್ಲ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಅಷ್ಟೆ. ಹಾಗಾದರೆ ಅದು ಎಂದೂ ಸವೆಯಬಾರದು, ಅಲ್ವಾ?

ಆದರೆ ಸವೆಯುತ್ತದೆ. ಗ್ಯಾರೇಜಿನಲ್ಲಿ ‘ಕೋನ್‌ಸೆಟ್ ಹೋಗಿದೆ’ ಎಂದು ಹೇಳುವುದನ್ನು ನೀವು ಕೇಳಿರಬಹುದು. ಅದು ಈ ಬೇರಿಂಗಿನ ಮಾತು. ಅದು ಹಾಳಾಗುವುದು ಹೆಚ್ಚು ತಿರುಗಿದ್ದಕ್ಕಲ್ಲ, ತಿರುಗದೆ ಒಂದೇ ಜಾಗದಲ್ಲಿ ಕೂತದ್ದಕ್ಕೆ. ಇದು ಹೇಗೆ ಎಂದು ಗೊತ್ತಾದರೆ, ಕೋನ್‌ಸೆಟ್ಟನ್ನು ಯಾಕೆ ಬರೀ ಬಿಗಿ ಮಾಡಿದರೆ ಸಾಲದು, ಯಾಕೆ ಬದಲಿಸಲೇಬೇಕು ಎಂಬುದೂ ಗೊತ್ತಾಗುತ್ತದೆ. ಘರ್ಷಣೆ, ಒತ್ತಡ, ಗಡಸುತನ, ಉಷ್ಣದಿಂದ ಹಿಗ್ಗುವಿಕೆ ಎಂದು ಪಾಠದಲ್ಲಿ ಬೇರೆ ಬೇರೆ ಕಡೆ ಓದಿದ್ದೆಲ್ಲ ಈ ಒಂದು ಕೆಲಸದಲ್ಲಿ ಒಟ್ಟಿಗೆ ಸಿಗುತ್ತದೆ.

ಯಾವ ಬೈಕು?

ನಾವು ಉದಾಹರಣೆಗೆ ತೆಗೆದುಕೊಳ್ಳುವುದು ಎರಕದ ಕಬ್ಬಿಣದ ಎಂಜಿನಿನ ಹಳೆ ಬುಲೆಟ್. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ ಈ ಬೈಕು 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. ತೂಕ ಸುಮಾರು 160 ಕಿಲೋ. ನಮ್ಮ ಕಾಸರಗೋಡಿನ ಕಡೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ದಾರಿಯಲ್ಲಿ ಇಂದಿಗೂ ಅದರ ‘ಡುಗು ಡುಗು’ ಕೇಳುತ್ತದೆ. ಸೊಲ್ಲಾಪುರ, ಆದೋನಿ, ಹೊಸೂರಿನ ಮಕ್ಕಳೂ ಕೇಳಿರುತ್ತೀರಿ. ಬುಲೆಟ್ ಹತ್ತಿರ ಇಲ್ಲದಿದ್ದರೆ ಬೇಸರ ಬೇಡ. ಹಳೆಯ ಸೈಕಲಿನ ಹ್ಯಾಂಡಲಿನಲ್ಲೂ ಇದೇ ಏರ್ಪಾಡು ಉಂಟು, ಅಳತೆ ಮಾತ್ರ ಚಿಕ್ಕದು.

ಒಳಗೆ ಏನುಂಟು?

ಬೈಕಿನ ಚೌಕಟ್ಟಿನ ಮುಂಭಾಗದಲ್ಲಿ ಓರೆಯಾಗಿ ನಿಂತ ದಪ್ಪ ಕೊಳವೆಯೊಂದಿದೆ. ಅದನ್ನು ಚೌಕಟ್ಟಿನ ತಲೆ ಎನ್ನೋಣ. ಮುಂದಿನ ಫೋರ್ಕಿಗೆ ಸೇರಿದ ಒಂದು ಗಟ್ಟಿ ಕಂಬ ಆ ಕೊಳವೆಯ ಒಳಗಿಂದ ಮೇಲೆ ಬರುತ್ತದೆ. ಕಂಬವೂ ಕೊಳವೆಯೂ ನೇರವಾಗಿ ಉಜ್ಜಿಕೊಂಡರೆ ಅದು ಜಾರು ಘರ್ಷಣೆ. ಹ್ಯಾಂಡಲ್ ತಿರುಗಿಸಲಿಕ್ಕೆ ಕಷ್ಟ. ಆದ್ದರಿಂದ ಕೊಳವೆಯ ಮೇಲಿನ ಬಾಯಿಗೊಂದು, ಕೆಳಗಿನ ಬಾಯಿಗೊಂದು ಉಕ್ಕಿನ ಬಳೆ ಕೂರಿಸುತ್ತಾರೆ. ಇವು ಕಪ್. ಅವಕ್ಕೆ ಎದುರಾಗಿ ಕಂಬದ ಕಡೆ ಇನ್ನೆರಡು ಬಳೆ. ಇವು ಕೋನ್. ಕಪ್ ಮತ್ತು ಕೋನ್ ನಡುವೆ ಉಕ್ಕಿನ ಗುಂಡುಗಳ ಸಾಲು. ಹಳೆ ಬುಲೆಟ್‌ನಲ್ಲಿ ಮೇಲೆ 19, ಕೆಳಗೆ 19, ಒಟ್ಟು 38 ಗುಂಡು. ಒಂದೊಂದರ ವ್ಯಾಸ ಕಾಲು ಇಂಚು, ಅಂದರೆ 6.35 ಮಿ.ಮೀ. ಇಷ್ಟೂ ಸೇರಿ ‘ಕೋನ್‌ಸೆಟ್’.

ಗುಂಡುಗಳು ಉರುಳುವುದರಿಂದ ಘರ್ಷಣೆ ಬಹಳ ಕಡಿಮೆ. ಮೇಜಿನ ಮೇಲೆ ದಪ್ಪ ಪುಸ್ತಕ ಇಟ್ಟು ತಳ್ಳಿ ನೋಡಿ. ಆಮೇಲೆ ಅದರ ಕೆಳಗೆ ಏಳೆಂಟು ಗೋಲಿ ಇಟ್ಟು ತಳ್ಳಿ. ಬೆರಳ ತುದಿ ಸಾಕಾಗುತ್ತದೆ.

ಎರಡು ಬೇರಿಂಗಿನಲ್ಲಿ ಹೆಚ್ಚು ಭಾರ ಬೀಳುವುದು ಕೆಳಗಿನದರ ಮೇಲೆ. ಬೈಕಿನ ಮುಂಭಾಗದ ಭಾರವನ್ನೂ ರಸ್ತೆಯ ಹೊಡೆತವನ್ನೂ ಮೊದಲು ತಾಳಿಕೊಳ್ಳುವುದು ಅದೇ. ಮುಂದಿನ ಚಕ್ರ ಎರಚುವ ಕೆಸರು ನೀರು ಹತ್ತಿ ಬರುವುದೂ ಅಲ್ಲಿಗೇ.

ಗುಂಡು ಎಷ್ಟು ಉರುಳುತ್ತದೆ? ಲೆಕ್ಕ ಮಾಡೋಣ

ಒಂದು ಸಣ್ಣ ಪ್ರಯೋಗ ಮೊದಲು. ಮೇಜಿನ ಮೇಲೆ ಉರುಟಾದ ಪೆನ್ಸಿಲ್ ಇಡಿ. ಅದರ ಮೇಲೆ ಅಡ್ಡವಾಗಿ ಸ್ಕೇಲ್ ಇಟ್ಟು, ಜಾರದ ಹಾಗೆ 10 ಸೆ.ಮೀ. ಮುಂದೆ ತಳ್ಳಿ. ಪೆನ್ಸಿಲ್ ಎಷ್ಟು ಮುಂದೆ ಹೋಯಿತು? 5 ಸೆ.ಮೀ. ಮಾತ್ರ. ಮೇಲಿನ ವಸ್ತು ಚಲಿಸಿದ ದೂರದ ಅರ್ಧದಷ್ಟು ಮಾತ್ರ ನಡುವೆ ಇರುವ ಉರುಳೆ ಚಲಿಸುತ್ತದೆ. ಬೇರಿಂಗಿನ ಗುಂಡಿಗೂ ಹೆಚ್ಚುಕಡಿಮೆ ಇದೇ ನಿಯಮ.

ಈಗ ಬುಲೆಟ್‌ನ ಲೆಕ್ಕ. ಗುಂಡುಗಳು ನಿಂತ ವೃತ್ತದ ವ್ಯಾಸ ಸುಮಾರು 39 ಮಿ.ಮೀ. ಎಂದಿಟ್ಟುಕೊಳ್ಳೋಣ. ಸುತ್ತಳತೆ 39 × 3.14, ಅಂದರೆ ಸುಮಾರು 122 ಮಿ.ಮೀ. ನೇರ ದಾರಿಯಲ್ಲಿ ಓಡುವಾಗ ಹ್ಯಾಂಡಲ್ ತಿರುಗುವುದು ಎಡಬಲಕ್ಕೆ 3 ಡಿಗ್ರಿಯಷ್ಟು ಎಂದುಕೊಳ್ಳಿ. 360ರಲ್ಲಿ 3 ಡಿಗ್ರಿಗೆ ಸಿಗುವ ಕಂಸದ ಉದ್ದ ಸುಮಾರು 1 ಮಿ.ಮೀ. ಗುಂಡು ಅದರ ಅರ್ಧ ಹೋಗುತ್ತದೆ: ಅರ್ಧ ಮಿ.ಮೀ.!

ಗುಂಡಿನ ಸುತ್ತಳತೆ 20 ಮಿ.ಮೀ. ಅಂದರೆ ಅದು ಉರುಳುವುದು ತನ್ನ ಒಂದು ಸುತ್ತಿನ 40ರಲ್ಲಿ ಒಂದು ಪಾಲು. ವರ್ಷಗಟ್ಟಲೆ ಅದೇ ಗುಂಡು, ಅದೇ ಜಾಗ, ಅದೇ ಅರ್ಧ ಮಿಲಿಮೀಟರ್. ಚಕ್ರದ ಬೇರಿಂಗಿನಲ್ಲಿ ಗುಂಡಿಗಳ ಹೊಡೆತ ಸುತ್ತಲೂ ಹಂಚಿಹೋಗುತ್ತದೆ. ಇಲ್ಲಿ ಎಲ್ಲ ಹೊಡೆತವೂ ಒಂದೇ ಜಾಗಕ್ಕೆ.

ಚಿಕ್ಕ ಜಾಗ, ದೊಡ್ಡ ಒತ್ತಡ

ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಗುಂಡು ಬಳೆಯನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಮುಂದಿನ ಚಕ್ರ ರಸ್ತೆಯ ಹೊಂಡಕ್ಕೆ ಬಿದ್ದಾಗ ಒಂದು ಗುಂಡಿನ ಮೇಲೆ 300 ನ್ಯೂಟನ್ ಬಲ ಬಿತ್ತು, ಮುಟ್ಟುವ ಜಾಗ 0.2 ಚದರ ಮಿ.ಮೀ. ಎಂದಿಟ್ಟುಕೊಳ್ಳೋಣ. ಆಗ ಒತ್ತಡ ಒಂದು ಚದರ ಮಿ.ಮೀ.ಗೆ 1500 ನ್ಯೂಟನ್. ವಾತಾವರಣದ ಒತ್ತಡ ಒಂದು ಚದರ ಮಿ.ಮೀ.ಗೆ ಸುಮಾರು 0.1 ನ್ಯೂಟನ್. ಅಂದರೆ 15,000 ಪಟ್ಟು!

ಇದನ್ನು ತಡೆದುಕೊಳ್ಳಲಿಕ್ಕೆ ಮೆತ್ತಗಿನ ಕಬ್ಬಿಣಕ್ಕೆ ಸಾಧ್ಯವಿಲ್ಲ. ಬೇರಿಂಗ್ ಉಕ್ಕಿನಲ್ಲಿ ಸುಮಾರು ಶೇ. 1 ಇಂಗಾಲ, ಶೇ. 1.5 ಕ್ರೋಮಿಯಂ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ ಗಡಸು ಮಾಡುತ್ತಾರೆ. ಆದರೂ ಮಿತಿ ಮೀರಿದ ಹೊಡೆತ ಬಿದ್ದರೆ ಗುಂಡು ಬಳೆಯ ಮೇಲೆ ಶಾಶ್ವತ ಕುಳಿ ಮಾಡುತ್ತದೆ.

ಈ ಕುಳಿಗೆ ‘ಬ್ರಿನೆಲ್ಲಿಂಗ್’ ಎಂದು ಹೆಸರು. ಇದರ ಹಿಂದೆ ಸ್ವೀಡನ್ನಿನ ಎಂಜಿನಿಯರ್ ಯೋಹಾನ್ ಆಗಸ್ಟ್ ಬ್ರಿನೆಲ್ ಇದ್ದಾನೆ. ಲೋಹದ ಗಡಸುತನ ಅಳೆಯಲಿಕ್ಕೆ ಅವನು 1900ರಲ್ಲಿ ಒಂದು ಸುಲಭ ಉಪಾಯ ಮುಂದಿಟ್ಟ: 10 ಮಿ.ಮೀ. ವ್ಯಾಸದ ಗಡಸು ಗುಂಡನ್ನು 3000 ಕಿಲೋ ಭಾರದಿಂದ ಲೋಹದ ಮೇಲೆ ಒತ್ತುವುದು, ಉಳಿದ ಕುಳಿಯ ಅಗಲ ಅಳೆಯುವುದು. ಕುಳಿ ದೊಡ್ಡದಾದರೆ ಲೋಹ ಮೆತ್ತಗೆ, ಚಿಕ್ಕದಾದರೆ ಗಡಸು. ಬ್ರಿನೆಲ್ ಪ್ರಯೋಗಾಲಯದಲ್ಲಿ ಬೇಕೆಂದೇ ಮಾಡಿದ್ದನ್ನು ನಮ್ಮ ರಸ್ತೆಯ ಹೊಂಡಗಳು ಕೋನ್‌ಸೆಟ್ಟಿಗೆ ಬೇಡವೆಂದರೂ ಮಾಡುತ್ತವೆ.

ಇನ್ನೊಂದು ಕಾರಣವೂ ಉಂಟು. ಗುಂಡು ಪೂರ್ತಿ ಉರುಳಿದರೆ ಗ್ರೀಸನ್ನು ತನ್ನ ಜತೆ ಎಳೆದುಕೊಂಡು ಹೋಗುತ್ತದೆ. ಬರೀ ಅಲುಗಾಡುತ್ತಾ ಕೂತರೆ ಗ್ರೀಸ್ ಅಡಿಯಿಂದ ಪಕ್ಕಕ್ಕೆ ಸರಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಒಣ ಉಕ್ಕಿನ ಮೇಲೆ ಒಣ ಉಕ್ಕು ಉಜ್ಜಿ ಕಂದು ಬಣ್ಣದ ಪುಡಿ ಏಳುತ್ತದೆ, ಅಲ್ಲೇ ಕುಳಿಯಾಗುತ್ತದೆ. ನಮ್ಮಲ್ಲಿ ಜೂನ್ ತಿಂಗಳ ಮಳೆ ನೀರು, ಒಣ ಸೀಮೆಯಲ್ಲಿ ಧೂಳು ಸೇರಿದರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ.

ತರಗತಿಯ ಪ್ರಯೋಗ

ಬೇಕಾದದ್ದು: ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟು ಅಥವಾ ಆವೆಮಣ್ಣು, ಒಂದೇ ಗಾತ್ರದ 16 ಗೋಲಿ, ಎರಡು ಸಪಾಟು ತಟ್ಟೆ.

ಹಿಟ್ಟನ್ನು ಎರಡು ದಪ್ಪ ರೊಟ್ಟಿಯ ಹಾಗೆ ತಟ್ಟಿ. ಒಂದೊಂದರ ಮೇಲೂ 8 ಗೋಲಿಯನ್ನು ವೃತ್ತಾಕಾರವಾಗಿ, ಸಮಾನ ದೂರದಲ್ಲಿ ಇಡಿ. ಮೇಲೆ ತಟ್ಟೆ ಇಟ್ಟು ಕೈಯಿಂದ ಹದವಾಗಿ ಒತ್ತಿ ಹಿಡಿಯಿರಿ. ಮೊದಲ ಗುಂಪು ತಟ್ಟೆಯನ್ನು ಎಡಬಲಕ್ಕೆ ಚೂರೇ ಚೂರು 50 ಸಲ ಅಲ್ಲಾಡಿಸಲಿ. ಎರಡನೇ ಗುಂಪು ಒಂದೇ ದಿಕ್ಕಿಗೆ ಸುತ್ತಿಸುತ್ತಾ ಹೋಗಲಿ. ತೆಗೆದು ನೋಡಿ. ಮೊದಲನೆಯದರಲ್ಲಿ 8 ಬೇರೆ ಬೇರೆ ಕುಳಿ, ಎರಡನೆಯದರಲ್ಲಿ ಸುತ್ತಲೂ ಒಂದೇ ಕಾಲುವೆ. ಹ್ಯಾಂಡಲ್ ಬೇರಿಂಗಿಗೂ ಚಕ್ರದ ಬೇರಿಂಗಿಗೂ ಇರುವ ವ್ಯತ್ಯಾಸ ಇದೇ.

ಈಗ ಮೊದಲ ಗುಂಪಿನವರು ಗೋಲಿಗಳನ್ನು ಕುಳಿಯಲ್ಲೇ ಇಟ್ಟು ತಟ್ಟೆಯನ್ನು ಮತ್ತೆ ತಿರುಗಿಸಿ ನೋಡಿ. ಗೋಲಿಗಳು ಕುಳಿಯ ಅಂಚು ಹತ್ತುವಾಗ ಕೈಗೆ ಒಂದು ತಡೆ ಸಿಗುತ್ತದೆ, ತಟ್ಟೆ ಸ್ವಲ್ಪ ಮೇಲೆ ಏಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಬಿಗಿ ಮಾಡಿದರೆ ಯಾಕೆ ಸಾಲದು?

ಕೋನ್‌ಸೆಟ್ ಸಡಿಲವಾದ ಬೈಕನ್ನು ಗ್ಯಾರೇಜಿಗೆ ಕೊಂಡುಹೋದರೆ ‘ಸ್ವಲ್ಪ ಟೈಟ್ ಮಾಡಿದ್ರೆ ಸಾಕು’ ಎನ್ನುವವರು ಇದ್ದಾರೆ. ಬರೀ ಸಡಿಲವಾಗಿದ್ದರೆ ಅದು ಸರಿ. ಆದರೆ ಕುಳಿ ಬಿದ್ದಿದ್ದರೆ?

ಹ್ಯಾಂಡಲ್ ನೇರ ಇರುವಾಗ ಎಲ್ಲ ಗುಂಡುಗಳೂ ಕುಳಿಯೊಳಗೆ ಇವೆ. ಆ ಸ್ಥಿತಿಯಲ್ಲಿ ಸಡಿಲ ಹೋಗುವಷ್ಟು ಬಿಗಿ ಮಾಡಿದಿರಿ ಎನ್ನಿ. ಹ್ಯಾಂಡಲ್ ತಿರುಗಿಸಿದಾಗ ಗುಂಡುಗಳು ಕುಳಿಯಿಂದ ಎದ್ದು ಸವೆಯದ ಎತ್ತರದ ಜಾಗಕ್ಕೆ ಹತ್ತಬೇಕು. ಅಲ್ಲಿ ಮೊದಲಿಗಿಂತ ಜಾಗ ಕಡಿಮೆ. ಹಾಗಾಗಿ ಅತಿ ಬಿಗಿ. ತಿರುಗಿಸಿದ ಸ್ಥಿತಿಯಲ್ಲಿ ಸರಿಮಾಡಿದರೆ ನೇರ ಇರುವಾಗ ಸಡಿಲ. ಎರಡೂ ಕಡೆ ಸರಿಯಾಗುವ ಅಳತೆಯೇ ಇಲ್ಲ. ನಟ್ಟು ತಿರುಗಿಸಿದ್ದರಿಂದ ಕುಳಿ ತುಂಬುವುದಿಲ್ಲ.

ಇದು ಬರೀ ಸುಖ ಸವಾರಿಯ ಪ್ರಶ್ನೆಯಲ್ಲ. ಓಡುವ ಬೈಕು ನೇರ ನಿಲ್ಲುವುದು ಮುಂದಿನ ಚಕ್ರ ತಾನಾಗಿ ಸಣ್ಣ ಸಣ್ಣ ತಿದ್ದುಪಡಿ ಮಾಡಿಕೊಳ್ಳುವುದರಿಂದ. ಫೋರ್ಕಿನ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆದ್ದರಿಂದ ಉರುಳುಕುರ್ಚಿಯ ಚಕ್ರದ ಹಾಗೆ ಇದೂ ಹಿಂಬಾಲಿಸಿಕೊಂಡು ಬರುತ್ತದೆ. ಬೈಕು ಎಡಕ್ಕೆ ವಾಲಿದರೆ ಚಕ್ರ ತಾನಾಗಿ ಚೂರು ಎಡಕ್ಕೆ ತಿರುಗಿ ಸಮತೋಲ ತರುತ್ತದೆ. ಈ ತಿದ್ದುಪಡಿಗೆ ಬೇಕಾದ್ದು ಒಂದೆರಡು ಡಿಗ್ರಿ ಮಾತ್ರ. ಕುಳಿ ಬಿದ್ದ ಬೇರಿಂಗ್ ಕೆಡಿಸುವುದು ಅದೇ ಒಂದೆರಡು ಡಿಗ್ರಿಯನ್ನು. ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ನಿಧಾನಕ್ಕೆ ಹೋಗುವಾಗ ಬೈಕು ಹಾವಿನ ಹಾಗೆ ಅತ್ತಿತ್ತ ಎಳೆಯುತ್ತದೆ. ಮಳೆಗಾಲದ ಇಕ್ಕಟ್ಟಾದ ದಾರಿ, ಎದುರಿಗೆ ಬಸ್ಸು, ಹಿಂದೆ ಮನೆಯವರು ಕೂತಿದ್ದಾರೆ ಎನ್ನಿ. ಆಗ ಈ ಒಂದೆರಡು ಡಿಗ್ರಿಯ ಬೆಲೆ ಎಷ್ಟು ಎಂದು ನೀವೇ ಯೋಚಿಸಿ.

ಪರೀಕ್ಷಿಸುವುದು ಹೇಗೆ?

ಬೈಕನ್ನು ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಂಜಿನಿನ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಬೇಕು. ಒಬ್ಬರು ಹಿಂದೆ ಬೈಕನ್ನು ಹಿಡಿದಿರಲಿ.

1. ಫೋರ್ಕಿನ ಕೆಳತುದಿ ಹಿಡಿದು ಮುಂದಕ್ಕೆ ಹಿಂದಕ್ಕೆ ಎಳೆಯಿರಿ. ‘ಟಕ್ ಟಕ್’ ಎಂದರೆ ಸಡಿಲ. ಆದರೆ ಫೋರ್ಕಿನ ಒಳಗಿನ ಬುಷ್ ಸವೆದಿದ್ದರೂ ಇದೇ ಸದ್ದು ಬರುತ್ತದೆ. ಬೇರೆಯವರು ಎಳೆಯುವಾಗ ಚೌಕಟ್ಟಿನ ತಲೆಯೂ ಫೋರ್ಕೂ ಸೇರುವ ಜಾಗದಲ್ಲಿ ಬೆರಳಿಟ್ಟು ನೋಡಿ. ಅಲ್ಲೇ ಅಲುಗಿದರೆ ಕೋನ್‌ಸೆಟ್.

2. ಹ್ಯಾಂಡಲನ್ನು ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ನೇರಕ್ಕೆ ಬಂದಾಗ ‘ಕುಳಿತುಕೊಂಡ’ ಹಾಗಾದರೆ ಕುಳಿ ಬಿದ್ದಿದೆ ಎಂದೇ ಅರ್ಥ.

ನೇರದಲ್ಲಿ ಮಾತ್ರ ಯಾಕೆ? 19 ಗುಂಡಿಗೆ 19 ಕುಳಿ. ಎರಡು ಕುಳಿಯ ನಡುವಿನ ಕೋನ 360 ÷ 19, ಸುಮಾರು 19 ಡಿಗ್ರಿ. ಗುಂಡು ಪಕ್ಕದ ಕುಳಿಗೆ ಹೋಗಬೇಕಾದರೆ ಹ್ಯಾಂಡಲ್ ಅದರ ಎರಡರಷ್ಟು, 38 ಡಿಗ್ರಿ ತಿರುಗಬೇಕು. ಪೆನ್ಸಿಲ್ ಪ್ರಯೋಗ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಬದಲಿಸುವ ಕೆಲಸ, ಹೆಜ್ಜೆ ಹೆಜ್ಜೆಯಾಗಿ

ಇದನ್ನು ಅನುಭವ ಇರುವ ಮೆಕ್ಯಾನಿಕ್ ಒಬ್ಬರ ಜತೆ ನಿಂತು ನೋಡಿ, ಕೈಜೋಡಿಸಿ. ಒಬ್ಬರೇ ಮಾಡಬೇಡಿ. ಲೈಸೆನ್ಸ್ ವಯಸ್ಸು 18 ಆಗುವ ಮೊದಲು ಬುಲೆಟ್ ಓಡಿಸುವ ಮಾತೂ ಬೇಡ.

ಬಿಚ್ಚುವುದು. ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಬೇಕು. ಮುಂದಿನ ಚಕ್ರ, ಮಡ್‌ಗಾರ್ಡ್, ಹ್ಯಾಂಡಲ್ ಬಿಚ್ಚಬೇಕು. ಬುಲೆಟ್‌ನಲ್ಲಿ ಹೆಡ್‌ಲೈಟ್ ಕೂರುವ ದೊಡ್ಡ ಎರಕದ ತಲೆಯೇ ಫೋರ್ಕಿನ ಮೇಲ್ಭಾಗವನ್ನೂ ಹಿಡಿದಿರುತ್ತದೆ. ವಯರುಗಳ ಜಾಗವನ್ನು ಮೊದಲೇ ಚಿತ್ರ ಬರೆದಿಟ್ಟುಕೊಳ್ಳಿ. ಆಮೇಲೆ ಕಂಬದ ಮೇಲಿನ ನಟ್ಟು. ಅದನ್ನು ಬಿಚ್ಚುವಾಗ ಒಬ್ಬರು ಫೋರ್ಕನ್ನು ಕೆಳಗಿನಿಂದ ಎತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಒಮ್ಮೆಲೇ ಇಳಿದು ಗುಂಡುಗಳೆಲ್ಲ ಗ್ಯಾರೇಜಿನ ಮೂಲೆ ಮೂಲೆಗೆ ಓಡುತ್ತವೆ. ಕೆಳಗೆ ಹಳೆ ಬಟ್ಟೆ ಹಾಸಿ. ಬಿದ್ದ ಗುಂಡುಗಳನ್ನು ಎಣಿಸಿ ಬರೆದಿಡಿ.

ನೋಡುವುದು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ (ಹತ್ತಿರ ಬೆಂಕಿ ಇರಬಾರದು). ಗುಂಡು ಓಡುವ ದಾರಿಯ ಮೇಲೆ ಉಗುರು ಆಡಿಸಿ. ಕಣ್ಣಿಗೆ ಕಾಣದ ಕುಳಿಯೂ ಉಗುರಿಗೆ ತಾಗುತ್ತದೆ. ಒಂದು ಬಳೆ ಹಾಳಾಗಿದ್ದರೂ ನಾಲ್ಕು ಬಳೆ, 38 ಗುಂಡು ಎಲ್ಲ ಹೊಸದೇ ಹಾಕಬೇಕು. ಸವೆದ ಗುಂಡಿನ ಜತೆ ಹೊಸ ಗುಂಡು ಬೆರೆಸಿದರೆ ದೊಡ್ಡದಿರುವ ಹೊಸ ಗುಂಡುಗಳೇ ಎಲ್ಲ ಭಾರ ಹೊರುತ್ತವೆ. ಹೊರುವವರು ಕಡಿಮೆಯಾದರೆ ಒಬ್ಬೊಬ್ಬರ ಪಾಲು ಹೆಚ್ಚು.

ಹಳೆ ಕಪ್ ತೆಗೆಯುವುದು. ಕೊಳವೆಯ ಎದುರು ಬಾಯಿಯಿಂದ ಉದ್ದ ಸಲಾಕೆ ತೂರಿಸಿ ಕಪ್ಪಿನ ಅಂಚಿಗೆ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದು ಏಟು ಈ ಕಡೆ, ಒಂದು ಏಟು ಎದುರು ಕಡೆ. ಒಂದೇ ಕಡೆ ಬಡಿದರೆ ಕಪ್ ಓರೆಯಾಗಿ ಸಿಕ್ಕಿಕೊಂಡು ಚೌಕಟ್ಟಿನ ತಲೆಯನ್ನೇ ಕೆರೆಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಗಡಸು ಉಕ್ಕು ಚೂರಾಗಿ ಹಾರಬಹುದು.

ಹೊಸ ಕಪ್ ಕೂರಿಸುವುದು. ಕಪ್ ಅದರ ಜಾಗಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರುತ್ತದೆ. ಬಿಗಿಯಾಗಿ ಕೂರಲಿ ಎಂದೇ ಹಾಗೆ. ಅದನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಕುಗ್ಗುತ್ತದೆ. ಎಷ್ಟು? ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ 0.000012 ಭಾಗ ಬದಲಾಗುತ್ತದೆ. ಕಪ್ಪಿನ ಹೊರವ್ಯಾಸ 50 ಮಿ.ಮೀ., ಉಷ್ಣತೆ 30ರಿಂದ ಮೈನಸ್ 15ಕ್ಕೆ ಇಳಿಯಿತು ಎನ್ನಿ; ವ್ಯತ್ಯಾಸ 45 ಡಿಗ್ರಿ. 50 × 0.000012 × 45 = 0.027 ಮಿ.ಮೀ. ತಲೆಕೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಆದರೆ ಬಿಗಿ ಕೂರುವ ಲೋಹಕ್ಕೆ ಇಷ್ಟು ಸಹಾಯವೂ ದೊಡ್ಡದೇ. ಫ್ರೀಜರಿನಿಂದ ತೆಗೆದ ಕೂಡಲೇ ಕೂರಿಸಬೇಕು, ತಡವಾದರೆ ಮತ್ತೆ ಹಿಗ್ಗುತ್ತದೆ.

ಸುತ್ತಿಗೆಗಿಂತ ಒಳ್ಳೆಯ ಉಪಾಯ ಉದ್ದನೆಯ ಬೋಲ್ಟು. ಕೊಳವೆಯ ಒಳಗಿಂದ ಅದನ್ನು ತೂರಿಸಿ, ಎರಡೂ ತುದಿಗೆ ದಪ್ಪ ವಾಷರ್ ಹಾಕಿ ನಟ್ಟು ಬಿಗಿಸುತ್ತಾ ಹೋದರೆ ಕಪ್ ನೇರವಾಗಿ ಒಳಗೆ ಇಳಿಯುತ್ತದೆ. ವಾಷರ್ ಕಪ್ಪಿನ ಅಂಚನ್ನು ಮಾತ್ರ ಒತ್ತಬೇಕು, ಗುಂಡು ಓಡುವ ದಾರಿಯನ್ನಲ್ಲ.

ಗುಂಡು ಜೋಡಿಸುವುದು. ಕೆಳಗಿನ ಕೋನಿಗೂ ಮೇಲಿನ ಕಪ್ಪಿಗೂ ಬೇರಿಂಗ್ ಗ್ರೀಸ್ ಧಾರಾಳವಾಗಿ ಮೆತ್ತಿ. ಗ್ರೀಸ್ ಇಲ್ಲಿ ಅಂಟಿನ ಕೆಲಸವನ್ನೂ ಮಾಡುತ್ತದೆ. 19 ಗುಂಡುಗಳನ್ನು ಒಂದೊಂದಾಗಿ ಕೂರಿಸಿ. ಗುಂಡುಗಳ ನಡುವೆ ಒಟ್ಟಿನಲ್ಲಿ ಸ್ವಲ್ಪ ಜಾಗ ಉಳಿಯಬೇಕು. ಒತ್ತೊತ್ತಾಗಿ ತುರುಕಿದರೆ ಉರುಳುವ ಬದಲು ಒಂದಕ್ಕೊಂದು ಉಜ್ಜುತ್ತವೆ. ಗುಂಡು ಬೀಳದ ಹಾಗೆ ಕಂಬವನ್ನು ನೇರವಾಗಿ ಮೇಲೆತ್ತಿ ನಟ್ಟು ಹಿಡಿಸಬೇಕು.

ಹದ ಮಾಡುವುದು. ಮೊದಲು ನಟ್ಟನ್ನು ಸ್ವಲ್ಪ ಬಿಗಿಸಿ, ಹ್ಯಾಂಡಲನ್ನು ಎರಡೂ ಕೊನೆಗೆ ಹಲವು ಸಲ ತಿರುಗಿಸಿ. ಗುಂಡುಗಳು ಜಾಗ ಹಿಡಿಯುತ್ತವೆ. ಆಮೇಲೆ ಸಡಿಲಿಸಿ ಮತ್ತೆ ಹದ ನೋಡಿ. ಚಕ್ರ ಮೇಲಿರುವಾಗ ಹ್ಯಾಂಡಲನ್ನು ನೇರದಿಂದ ಚೂರು ತಳ್ಳಿದರೆ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ಬೀಳಬೇಕು. ಆದರೆ ಫೋರ್ಕನ್ನು ಎಳೆದರೆ ‘ಟಕ್’ ಎನ್ನಬಾರದು. ಎರಡೂ ಸರಿಯಾದರೆ ಹದ ಸರಿ. ಕೊನೆಗೆ ಹಿಡಿತದ ಬೋಲ್ಟುಗಳನ್ನು ಬಿಗಿಸಿ ಮತ್ತೊಮ್ಮೆ ಪರೀಕ್ಷಿಸಬೇಕು, ಯಾಕೆಂದರೆ ಬಿಗಿಸುವಾಗ ಹದ ಬದಲಾಗುವುದುಂಟು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು; ಹೊಸ ಬಳೆಗಳು ಇನ್ನೂ ಸ್ವಲ್ಪ ಕೂತಿರುತ್ತವೆ.

ಗುಂಡಿನ ಬದಲು ಉರುಳೆ

ಈಗಿನ ಎಷ್ಟೋ ಬೈಕುಗಳಲ್ಲಿ ಗುಂಡಿನ ಬದಲು ಒಂದು ತುದಿ ಸಣ್ಣಗಾದ ಉರುಳೆಗಳಿರುತ್ತವೆ. ಈ ಬಗೆಯ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ. ಗುಂಡು ಚುಕ್ಕೆಯಲ್ಲಿ ಮುಟ್ಟಿದರೆ ಉರುಳೆ ಗೆರೆಯಲ್ಲಿ ಮುಟ್ಟುತ್ತದೆ. ವಿಸ್ತೀರ್ಣ ಹೆಚ್ಚಾದ್ದರಿಂದ ಅದೇ ಬಲಕ್ಕೆ ಒತ್ತಡ ಕಡಿಮೆ, ಕುಳಿ ಬೀಳುವುದು ತಡ. ಆದರೆ ಅದೂ ಒಂದೇ ಜಾಗದಲ್ಲೇ ಅಲುಗಾಡುತ್ತದೆ. ಹಾಗಾಗಿ ಗ್ರೀಸ್ ಬದಲಿಸುವ ಕೆಲಸ ಅಲ್ಲೂ ತಪ್ಪುವುದಿಲ್ಲ.

ಅಭ್ಯಾಸ

1. ಒಂದು ಸೈಕಲಿನ ಹ್ಯಾಂಡಲ್ ಬೇರಿಂಗಿನಲ್ಲಿ ಗುಂಡು ನಿಲ್ಲುವ ವೃತ್ತದ ವ್ಯಾಸ 30 ಮಿ.ಮೀ., ಗುಂಡಿನ ವ್ಯಾಸ 5 ಮಿ.ಮೀ. ಗರಿಷ್ಠ ಎಷ್ಟು ಗುಂಡು ಹಿಡಿಯುತ್ತದೆ? (ಉತ್ತರ: 18. ಲೆಕ್ಕದಲ್ಲಿ 18.8 ಬರುತ್ತದೆ, 19 ಯಾಕೆ ಹಾಕಬಾರದು ಎಂದು ವಿವರಿಸಿ.)

2. ಅದೇ ಸೈಕಲಿನಲ್ಲಿ 18 ಕುಳಿ ಬಿದ್ದಿದ್ದರೆ, ಗುಂಡುಗಳು ಪಕ್ಕದ ಕುಳಿಗೆ ಹೋಗಲಿಕ್ಕೆ ಹ್ಯಾಂಡಲ್ ಎಷ್ಟು ಡಿಗ್ರಿ ತಿರುಗಬೇಕು? (ಉತ್ತರ: 40 ಡಿಗ್ರಿ.)

3. ಕಪ್ಪನ್ನು ತಣ್ಣಗೆ ಮಾಡುವ ಬದಲು ಚೌಕಟ್ಟಿನ ತಲೆಯನ್ನು ಬಿಸಿ ಮಾಡಿದರೂ ಕೆಲಸ ಸುಲಭವಾಗುತ್ತದೆ. ಯಾಕೆ? ಹಳೆ ಬೈಕಿನಲ್ಲಿ ಹಾಗೆ ಮಾಡುವುದರಿಂದ ಯಾವ ತೊಂದರೆ ಬರಬಹುದು? (ಸುಳಿವು: ಬಣ್ಣ, ಗ್ರೀಸ್, ಪೆಟ್ರೋಲ್.)

4. ಮನೆಯ ಬಾಗಿಲಿನ ತಿರುಗಣೆ, ಸೈಕಲಿನ ಪೆಡಲ್, ಮೇಜಿನ ಫ್ಯಾನಿನ ಕತ್ತು, ನೀರಿನ ಪಂಪು: ಇವುಗಳಲ್ಲಿ ಯಾವುವು ಪೂರ್ತಿ ಸುತ್ತುತ್ತವೆ, ಯಾವುವು ಅಲುಗಾಡುತ್ತಾ ಇರುತ್ತವೆ? ಎರಡು ಪಟ್ಟಿ ಮಾಡಿ. ಸವೆತ ಎಲ್ಲಿ ಕಾಣುತ್ತದೆ ಎಂದು ನೋಡಿ ಬರೆಯಿರಿ.

5. ನಿಮ್ಮ ಸೈಕಲಿನ ಮುಂದಿನ ಚಕ್ರ ಎತ್ತಿ ಹಿಡಿದು ಹ್ಯಾಂಡಲನ್ನು ಎರಡು ಬೆರಳಲ್ಲಿ ತಿರುಗಿಸಿ. ನೇರಕ್ಕೆ ಬಂದಾಗ ತಡೆಯುತ್ತದೆಯೇ? ತಡೆದರೆ ಈ ವಾರವೇ ಮನೆಯವರಿಗೆ ಹೇಳಿ, ಸೈಕಲ್ ಅಂಗಡಿಗೆ ಕೊಂಡುಹೋಗಿ. ಅಲ್ಲಿ ತೆಗೆದ ಹಳೆ ಬಳೆಯನ್ನು ಕೇಳಿ ತನ್ನಿ. ತರಗತಿಯಲ್ಲಿ ಎಲ್ಲರೂ ಉಗುರು ಆಡಿಸಿ, ಕುಳಿಗಳನ್ನು ಎಣಿಸಿ, ಗುಂಡುಗಳ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ನೋಡಿ.